ಸರಾಯ್ ಮೋಹನಾ: ವರುಣೆ ಗಂಗೆಯನ್ನು ಸೇರುವಲ್ಲಿ ಒಂದು ನೇಕಾರರ ಊರು

ಕಾಶಿಗೆ ಹೋಗಿಬಂದ ಕನ್ನಡಿಗರು ಹೇಳುವ ಕಾಶಿ ಹೆಚ್ಚಾಗಿ ದಕ್ಷಿಣದ ಘಾಟುಗಳದು. ಹನುಮಾನ್ ಘಾಟು, ಅದರ ಪಕ್ಕದ ಕರ್ನಾಟಕ ಘಾಟು, ಕೇದಾರೇಶ್ವರ, ಜಂಗಮವಾಡಿ ಮಠ, ವಿಶ್ವನಾಥ, ಅನ್ನಪೂರ್ಣೆ, ಕೊನೆಗೆ ಮಣಿಕರ್ಣಿಕೆ. ದೋಣಿ ಸಾಮಾನ್ಯವಾಗಿ ಅಲ್ಲಿಂದಲೇ ಹಿಂದಿರುಗುತ್ತದೆ. ಪಂಚತೀರ್ಥ ಸ್ನಾನದ ಸಂಕಲ್ಪ ಮಾಡಿದವರು ಮಾತ್ರ ದೋಣಿಯವನಿಗೆ ಇನ್ನಷ್ಟು ದುಡ್ಡು ಕೊಟ್ಟು ಉತ್ತರಕ್ಕೆ, ಆದಿಕೇಶವದವರೆಗೆ ಹೋಗುತ್ತಾರೆ. ನಾನು ಹೇಳಹೊರಟಿರುವ ಊರು ಆದಿಕೇಶವದಿಂದಲೂ ಆಚೆ, ವರುಣಾ ನದಿಯ ಇನ್ನೊಂದು ದಡದಲ್ಲಿದೆ.

ದೋಣಿಯಲ್ಲೇ ಹೋಗುವುದು ಚೆಂದ. ಪಂಚಗಂಗಾ ಘಾಟು ದಾಟಿದ ಮೇಲೆ ಘಾಟುಗಳ ಗದ್ದಲ ತೆಳುವಾಗುತ್ತದೆ. ಮೇಲೆ ರಸ್ತೆ, ಕೆಳಗೆ ರೈಲು ಹೊತ್ತ ಮಾಳವೀಯ ಸೇತುವೆ ತಲೆಯ ಮೇಲೆ ಹಾದುಹೋಗುತ್ತದೆ; 1887ರಲ್ಲಿ ಸಂಚಾರಕ್ಕೆ ತೆರೆದ ಕಬ್ಬಿಣದ ಸೇತುವೆ ಇಂದಿಗೂ ರೈಲು ಬಂದಾಗ ಎದೆ ನಡುಗುವಂತೆ ಗುಡುಗುತ್ತದೆ. ಆಮೇಲೆ ಕೈಮುಗಿದ ದೊಡ್ಡ ಶಿಲ್ಪಗಳ ಹೊಸ ನಮೋ ಘಾಟು. ಎಡಗಡೆ ರಾಜಘಾಟಿನ ದಿಬ್ಬ. ಅದರ ಅಡಿಯಲ್ಲಿ ನಡೆದ ಉತ್ಖನನದಲ್ಲಿ ಕ್ರಿಸ್ತಪೂರ್ವ 800ರ ಸುಮಾರಿನಿಂದ ಜನ ವಾಸಿಸಿದ ಕುರುಹುಗಳು ಸಿಕ್ಕಿವೆ. ಇಂದು ನಾವು ಹಳೆಯ ಕಾಶಿ ಎಂದುಕೊಳ್ಳುವ ಗಲ್ಲಿಗಳಿಗಿಂತ ಹಳೆಯ ಕಾಶಿ ಇದೇ. ದಿಬ್ಬದ ತುದಿಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಆದಿಕೇಶವನ ಗುಡಿ. ಗಾಹಡವಾಲ ಅರಸರು ಇಲ್ಲಿ ಸ್ನಾನ ಮಾಡಿ ಭೂದಾನ ಕೊಟ್ಟದ್ದನ್ನು ಅವರ ತಾಮ್ರಶಾಸನಗಳು ಹೇಳುತ್ತವೆ. ಇಲ್ಲಿಗೆ ಹತ್ತಿರದ ಕಮೌಲಿ ಎಂಬ ಹಳ್ಳಿಯಲ್ಲಿ 1892ರಲ್ಲಿ ಒಂದೇ ಕಡೆ ಇಪ್ಪತ್ತಕ್ಕೂ ಹೆಚ್ಚು ತಾಮ್ರಪಟಗಳು ಸಿಕ್ಕಿದವು. ಗಾಹಡವಾಲರ ಕಾಲಕ್ಕೆ ಊರಿನ ಹೆಬ್ಬಾಗಿಲು ಈ ಸಂಗಮವೇ ಆಗಿತ್ತು.

ವರುಣೆ ಇಲ್ಲಿ ಸಣ್ಣ, ಕಪ್ಪಗಿನ ನದಿ. ನಗರದ ಕೊಳೆಯನ್ನೆಲ್ಲ ಹೊತ್ತು ಬಂದು ಗಂಗೆಗೆ ಒಪ್ಪಿಸುತ್ತದೆ. ಅದರ ಆಚೆ ದಡದ ಮೇಲೆ ದೋಣಿಗಳು ಮಗುಚಿ ಬಿದ್ದಿವೆ, ಅಂಬಿಗರಾದ ಮಲ್ಲಾಹರ ಬಲೆಗಳು ಒಣಗುತ್ತಿವೆ. ಏರಿ ಮೇಲೆ ಬಂದರೆ ಸರಾಯ್ ಮೋಹನಾ: ಇಟ್ಟಿಗೆಯ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಗಲ್ಲಿ. ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. ಇದು ನೇಕಾರರ ಊರೆಂದು ಕಿವಿಗೆ ಮಾತ್ರ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಒಂದು ಗೋಡೆಯ ಹಿಂದಿನಿಂದ ಖಟ್, ಪಟ್, ಖಟ್, ಪಟ್ ಎಂಬ ನಿಧಾನದ ಮರದ ಸದ್ದು. ಅದು ಕೈಮಗ್ಗ. ಅದರ ಪಕ್ಕದ ಮನೆಯಿಂದ ಬಿಡುವಿಲ್ಲದೆ ಸುರಿಯುವ ಕಬ್ಬಿಣದ ಸದ್ದು. ಅದು ಪವರ್‌ಲೂಮ್. ಊರಿನ ಇಂದಿನ ಕಥೆಯೆಲ್ಲ ಈ ಎರಡು ಸದ್ದುಗಳ ನಡುವೆ ಇದೆ.

ಒಂದು ಮನೆಯ ಬಾಗಿಲಲ್ಲಿ ನಿಂತಿದ್ದಾಗ ಒಳಗಿನಿಂದ ಹಿರಿಯರೊಬ್ಬರು "ಆವೋ ಬಿಟಿಯಾ, ಅಂದರ್ ಆವೋ" ಎಂದು ಕರೆದರು. ಬಿಸಿಲಿನಿಂದ ಬಂದವಳಿಗೆ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡಾಗ ಕಂಡದ್ದನ್ನು ಹೇಗೆ ಹೇಳಲಿ! ಮಣ್ಣಿನ ನೆಲದಲ್ಲಿ ತೋಡಿದ ಕುಣಿ, ಆ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ಇಬ್ಬರು, ಅವರ ಮುಂದೆ ಚಾಚಿದ ಹಾಸಿನ ಮೇಲೆ ಕೆಂಪು ರೇಷ್ಮೆ, ಆ ಕೆಂಪಿನಲ್ಲಿ ಒಂದೊಂದಾಗಿ ಮೂಡಿಬರುತ್ತಿದ್ದ ಚಿನ್ನದ ಬಣ್ಣದ ಬೂಟಿ, ಅಂದರೆ ಪುಟ್ಟ ಹೂವು. ಗೋಡೆಗೆ ಸುಣ್ಣ ಸಹ ಇಲ್ಲ. ಒಂದೇ ಒಂದು ಬಲ್ಬು. ಬೆಳಕೆಲ್ಲ ಸೀರೆಯಿಂದಲೇ ಹೊರಡುತ್ತಿದೆ ಅನ್ನಿಸಿತು. ಇಳಕಲ್ಲಿನ, ಗುಳೇದಗುಡ್ಡದ ಕುಣಿಮಗ್ಗ ಕಂಡವರಿಗೆ ಕುಣಿ, ಹಣಿಗೆ, ಲಾಳಿ ಯಾವುದೂ ಹೊಸದಲ್ಲ. ಹೊಸದಾಗಿ ಕಾಣುವುದು ತಲೆಯ ಮೇಲೆ ತೂಗುವ ಜಕಾರ್ಡ್ ಮತ್ತು ಅದರಿಂದ ಇಳಿಬಿದ್ದ ರಟ್ಟಿನ ಮಾಲೆ. ಆ ರಟ್ಟುಗಳನ್ನು ಇಲ್ಲಿ ಪತ್ತಾ ಎನ್ನುತ್ತಾರೆ. ಒಂದೊಂದು ರಟ್ಟಿನಲ್ಲೂ ಸಾಲುಸಾಲು ತೂತು. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಕಾಲಿನಿಂದ ಒಮ್ಮೆ ತುಳಿದರೆ ಒಂದು ರಟ್ಟು ಸರಿಯುತ್ತದೆ. ಚಿತ್ರದ ಒಂದು ಗೆರೆ ಮುಗಿಯುತ್ತದೆ.

ಜಕಾರ್ಡ್ ಫ್ರಾನ್ಸಿನ ಲಿಯೋನ್ ನಗರದಲ್ಲಿ 1804ರಲ್ಲಿ ರೂಪುಗೊಂಡದ್ದು, ಕಾಶಿಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ. ಅದಕ್ಕೂ ಮೊದಲು ಇದೇ ಕೆಲಸವನ್ನು ಜಾಲಾ ಎಂಬ ದಾರದ ಬಲೆಯಿಂದ ಮಾಡುತ್ತಿದ್ದರು. ನಕ್ಷೆಬಂದರು ಎಂಬ ಕಸುಬುದಾರರು ಚಿತ್ರವನ್ನು ದಾರದ ಗಂಟುಗಳಲ್ಲಿ ಕಟ್ಟಿಕೊಡುತ್ತಿದ್ದರು. ಮಗ್ಗದ ಮೇಲೆ ಕುಳಿತ ಹುಡುಗ ಆಯಾ ಗಂಟನ್ನು ಎಳೆದಂತೆ ಕೆಳಗೆ ಹೂವು ಅರಳುತ್ತಿತ್ತು. ಕಾಗದವಿಲ್ಲದೆ, ಲೆಕ್ಕದ ಪುಸ್ತಕವಿಲ್ಲದೆ, ಸಾವಿರಾರು ಎಳೆಗಳ ಏರಿಳಿತವನ್ನು ಗಂಟಿನಲ್ಲಿ ಬರೆದಿಟ್ಟ ಆ ಬುದ್ಧಿಯನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಮಗ್ಗದಲ್ಲಿದ್ದದ್ದು ಕಢುವಾ ನೇಯ್ಗೆ. ಇದನ್ನು ತಿಳಿಯದೆ ಬನಾರಸಿ ಸೀರೆ ಕೊಳ್ಳಬಾರದು ಎನ್ನುವುದು ನನ್ನ ಅಭಿಪ್ರಾಯ. ಸಾಧಾರಣ ಬನಾರಸಿಯಲ್ಲಿ, ಅಂದರೆ ಫೇಕುವಾದಲ್ಲಿ, ಜರಿಯ ಎಳೆ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಹೂವಿದ್ದಲ್ಲಿ ಮೇಲೆ ಕಾಣುತ್ತದೆ, ಇಲ್ಲದಲ್ಲಿ ಹಿಂಬದಿಯಲ್ಲಿ ಸಡಿಲವಾಗಿ ತೂಗುತ್ತದೆ. ಆ ತೂಗುವ ಎಳೆಗಳನ್ನು ಆಮೇಲೆ ಕತ್ತರಿಸಿ ತೆಗೆದರೆ ಅದು ಕಟ್‌ವರ್ಕ್. ಕಢುವಾದಲ್ಲಿ ಹಾಗಿಲ್ಲ. ಒಂದೊಂದು ಬೂಟಿಗೂ ಬೇರೆಬೇರೆ ಪುಟ್ಟ ನಳಿಗೆ. ಅದನ್ನು ಬೆರಳಿನಿಂದಲೇ ಎಳೆಗಳ ನಡುವೆ ತೂರಿಸಿ, ಹೂವಿನ ಅಂಚು ಮುಟ್ಟಿದ ಕೂಡಲೇ ತಿರುಗಿಸಿ ಮತ್ತೆ ಒಳಕ್ಕೆ ತರುತ್ತಾರೆ. ಹಿಂಬದಿಯಲ್ಲಿ ಕತ್ತರಿಸಲು ಏನೂ ಉಳಿಯುವುದಿಲ್ಲ. ಅಗಲದುದ್ದಕ್ಕೂ ಬೂಟಿಗಳ ಸಾಲಿದ್ದರೆ ಅಷ್ಟೂ ನಳಿಗೆಗಳನ್ನು ಪ್ರತಿ ಗೆರೆಗೂ ಕೈಯಿಂದಲೇ ದಾಟಿಸಬೇಕು. ಅದಕ್ಕೇ ಇಬ್ಬರು ಕೂರುವುದು. ನಾನು ನೋಡುತ್ತಿದ್ದಷ್ಟು ಹೊತ್ತಿನಲ್ಲಿ ಸೀರೆ ಬೆಳೆದದ್ದು ಒಂದು ಬೆರಳಗಲವೂ ಇರಲಿಲ್ಲ. ಪವರ್‌ಲೂಮಿಗೆ ಈ ಕೆಲಸ ಬಾರದು. ಸೀರೆಯನ್ನು ತಿರುವಿ ಹಾಕಿ ಹಿಂಬದಿ ನೋಡಿದರೆ ಯಾರಿಗೂ ಗೊತ್ತಾಗುತ್ತದೆ.

ಒಂದು ಸೀರೆಯ ಹಾಸಿಗೆ ಸುಮಾರು 5600 ಎಳೆ. ಆರು ಮೀಟರ್ ಉದ್ದಕ್ಕೆ ಲೆಕ್ಕ ಹಾಕಿದರೆ ಹಾಸಿನ ನೂಲೇ 33 ಕಿಲೋಮೀಟರಿಗೂ ಹೆಚ್ಚು. ಕಾಶಿಯಿಂದ ಬಾಬತ್‌ಪುರದ ವಿಮಾನ ನಿಲ್ದಾಣಕ್ಕೆ ಇರುವ ದಾರಿಗಿಂತ ಉದ್ದ. ಹೊಕ್ಕು ಬೇರೆ, ಜರಿ ಬೇರೆ. ಸಾಧಾರಣ ಸೀರೆಗೆ ಹದಿನೈದು ದಿನದಿಂದ ತಿಂಗಳು, ಮೈತುಂಬ ಬಳ್ಳಿ ಹಬ್ಬಿದ ಜಂಗಲಾದಂಥದ್ದಕ್ಕೆ ಹಲವು ತಿಂಗಳು ಹಿಡಿಯುತ್ತದೆ.

"ಈ ರೇಷ್ಮೆ ಎಲ್ಲಿಯದು ಚಾಚಾ?" ಎಂದು ಕೇಳಿದೆ. ಅವರು ಹಾಸಿನ ಮೇಲಿಂದ ಕಣ್ಣೆತ್ತದೆ "ಬೆಂಗ್ಳೂರ್ ಕಾ" ಎಂದರು.

ಅವರಿಗೆ ಅದು ಮಾಮೂಲಿ ಮಾತು. ನನಗೆ ಆ ಕತ್ತಲ ಕೋಣೆ ಇದ್ದಕ್ಕಿದ್ದಂತೆ ಹತ್ತಿರದ್ದಾಯಿತು. ಕಾಶಿಯ ನೂಲಿನ ಪೇಟೆಯಲ್ಲಿ ಬೆಂಗಳೂರು, ಮಾಲ್ದಾ, ಚೀನಾ ಎಂಬ ಹೆಸರುಗಳು ದಿನವಿಡೀ ಕೇಳಿಬರುತ್ತವೆ. ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆ ಅತಿ ಹೆಚ್ಚು ಬೆಳೆಯುವ ರಾಜ್ಯ ನಮ್ಮದು. ಕಾಶಿಯ ಪೇಟೆಯಲ್ಲಿ ಬೆಂಗಳೂರು ಎಂದರೆ ನಿಜಕ್ಕೂ ಶಿಡ್ಲಘಟ್ಟ, ರಾಮನಗರ, ಚನ್ನಪಟ್ಟಣ. ಮುಂಜಾನೆ ಈ ಊರುಗಳ ಗೂಡಿನ ಮಾರುಕಟ್ಟೆಯಲ್ಲಿ ರೈತರು ಜಾಲರಿ ತುಂಬ ಗೂಡು ಸುರಿದು ಕಾಯುತ್ತಾರೆ, ನೂಲು ಬಿಚ್ಚುವ ರೀಲರುಗಳು ಒಂದು ಹಿಡಿ ಎತ್ತಿ ಕಿವಿಯ ಬಳಿ ಅಲುಗಿಸಿ ಬೆಲೆ ಕಟ್ಟುತ್ತಾರೆ. ಒಂದು ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ. ಅಂಥ ಹಲವು ಗೂಡುಗಳ ಎಳೆಗಳನ್ನು ಬಿಸಿನೀರಿನಿಂದ ಎತ್ತಿ ಕೂಡಿಸಿದರೆ ಒಂದು ನೂಲು. ಆ ಬಿಚ್ಚಾಣಿಕೆಯ ಮನೆಗಳಲ್ಲಿ ದುಡಿಯುವವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಇಲ್ಲಿ ಆ ನೂಲನ್ನು ನೇಯುವ ಅನ್ಸಾರಿ ಮುಸ್ಲಿಮರೂ ಅವರಂತೆಯೇ ಶುಕ್ರವಾರದ ನಮಾಜಿಗೆ ಕೆಲಸ ನಿಲ್ಲಿಸುವವರು. ಕೋಲಾರದ ಕಡೆಯ ಗೌಡರ ತೋಟದಿಂದ ಹೊರಟು, ಶಿಡ್ಲಘಟ್ಟದ ಬಾಣಲೆಯಲ್ಲಿ ಮಿಂದು, ವರುಣೆಯ ದಡದಲ್ಲಿ ಹಾಸಾಗುವ ಆ ನೂಲಿನ ಎರಡು ತುದಿಯ ಜನ ಒಬ್ಬರನ್ನೊಬ್ಬರು ಕಂಡಿಲ್ಲ.

ಅಷ್ಟೇ ಅಲ್ಲ, ಈ ನೂಲು ಮರಳಿ ನಮ್ಮ ನಾಡಿಗೂ ಬರುತ್ತದೆ. ಮದುವೆಯ ಸೀರೆಯಾಗಿ ಬರುವುದಂತೂ ಎಲ್ಲರಿಗೂ ಗೊತ್ತು. ಟಿಬೆಟನ್ನರ ಮಠಗಳಿಗೆ ಬೇಕಾದ ಗ್ಯಾಸರ್ ಎಂಬ ದಪ್ಪನೆಯ ಜರಿಬಟ್ಟೆಯನ್ನೂ ತಲೆಮಾರುಗಳಿಂದ ನೇಯುತ್ತ ಬಂದವರು ಕಾಶಿಯ ಮುಸ್ಲಿಂ ನೇಕಾರರು. ಬೈಲುಕುಪ್ಪೆಯಲ್ಲೋ ಮುಂಡಗೋಡಿನಲ್ಲೋ ಬುದ್ಧನ ಎದುರು ಇಳಿಬಿಟ್ಟ ಜರಿಯ ಪಟಗಳನ್ನು ನೋಡುವಾಗ ಇದು ನೆನಪಾಗಲಿ. ಬುದ್ಧ ಮೊದಲು ಉಪದೇಶ ಮಾಡಿದ ಸಾರನಾಥ ಸರಾಯ್ ಮೋಹನಾಕ್ಕೆ ಹತ್ತಿರದಲ್ಲೇ ಇದೆ. ಕಾಶಿಯ ನವಿರಾದ ಬಟ್ಟೆಯ ಹೊಗಳಿಕೆ ಪಾಲಿ ಗ್ರಂಥಗಳಲ್ಲೇ ಬರುತ್ತದೆ. ಕಬೀರನೂ ಇದೇ ನಗರದ ಮಗ್ಗದವನು. ನಮ್ಮ ಜೇಡರ ದಾಸಿಮಯ್ಯನ ಕಸುಬು ಅವನದ್ದೂ ಆಗಿತ್ತು.

ಮನೆಯ ಒಳಕೋಣೆಗೆ ಹೆಣ್ಣುಮಕ್ಕಳು ಕರೆದರು. "ಆಪಾ, ಇಲ್ಲಿ ಕೂರಿ" ಎಂದು ಚಾಪೆ ಸರಿಸಿದರು. ಅಲ್ಲಿ ರಾಟೆ ತಿರುಗುತ್ತಿತ್ತು. ಹೊಕ್ಕಿನ ನೂಲನ್ನು ನಳಿಗೆಗೆ ಸುತ್ತುವುದು, ಕಟ್‌ವರ್ಕಿನ ಎಳೆ ಕತ್ತರಿಸುವುದು, ಮುಗಿದ ಸೀರೆಯ ಗಂಟು ತೆಗೆಯುವುದು ಇವರ ಕೆಲಸ. ಅಡುಗೆ, ನೀರು, ಮಕ್ಕಳು ಎಲ್ಲದರ ನಡುವೆ ಅದೂ ಸಾಗುತ್ತದೆ. ಸೀರೆಗೆ ಸಿಗುವ ಮಜೂರಿಯಲ್ಲಿ ಇದಕ್ಕೆಂದು ಬೇರೆ ಪಾಲಿಲ್ಲ. ಕಢುವಾದ ಇಬ್ಬರು ನೇಕಾರರ ಹೆಸರು ಹೇಳುವ ವ್ಯಾಪಾರಿಗಳು ಸಿಕ್ಕಾರು. ನಳಿಗೆ ಸುತ್ತಿದವಳನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಇಲ್ಲಿ ದುಡ್ಡು ಹಾಕಲು ಬರುವವರು ಮೊದಲು ಕೂರಬೇಕಾದ ಜಾಗ ಈ ಒಳಕೋಣೆ.

ದುಡ್ಡಿನ ಮಾತು ಬಂದದ್ದರಿಂದ ಅದನ್ನು ಬಿಡಿಸಿಯೇ ಹೇಳುತ್ತೇನೆ. ಏಕೆಂದರೆ ಈ ಊರಿಗೆ ಈಗ ಪ್ರವಾಸಿಗರಷ್ಟೇ ಅಲ್ಲ, ಕಾರಿನಲ್ಲಿ ಬಂದಿಳಿದು 'ಇಲ್ಲಿ ಏನಾದರೂ ಮಾಡಬಹುದೇ' ಎಂದು ಕೇಳುವವರೂ ಬರುತ್ತಾರೆ. ನಮೋ ಘಾಟು ಹತ್ತಿರ ಬಂತು, ಸಾರನಾಥದ ದಾರಿ ಪಕ್ಕದಲ್ಲೇ ಇದೆ, ಜಾಗದ ಬೆಲೆ ಏರುವ ಲಕ್ಷಣವೆಲ್ಲ ಕಾಣುತ್ತಿದೆ. ಬನಾರಸಿ ಸೀರೆ ಮತ್ತು ಜರಿಬಟ್ಟೆಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ವಾರಾಣಸಿಯ ಜೊತೆಗೆ ಮಿರ್ಜಾಪುರ, ಚಂದೌಲಿ, ಭದೋಹಿ, ಜೌನ್‌ಪುರ, ಆಜಮ್‌ಗಢ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಬಡಾ ಲಾಲ್‌ಪುರದಲ್ಲಿ 2017ರಲ್ಲಿ ದೀನದಯಾಳ್ ಹಸ್ತಕಲಾ ಸಂಕುಲ ಎಂಬ ದೊಡ್ಡ ವ್ಯಾಪಾರ ಕೇಂದ್ರ ಮತ್ತು ವಸ್ತುಸಂಗ್ರಹಾಲಯ ಶುರುವಾಯಿತು. ಚೌಕಾಘಾಟಿನಲ್ಲಿ ನೇಕಾರರ ಸೇವಾ ಕೇಂದ್ರವಿದೆ, ಕೈಮಗ್ಗ ತಂತ್ರಜ್ಞಾನದ ಸಂಸ್ಥೆಯಿದೆ. ಗುರುತುಗಳಿಗೂ ಕಟ್ಟಡಗಳಿಗೂ ಕೊರತೆ ಇಲ್ಲ.

ಕೊರತೆ ಇರುವುದು ಮಗ್ಗಕ್ಕೂ ಪೇಟೆಗೂ ನಡುವಿನ ದಾರಿಯಲ್ಲಿ. ಚೌಕದ ಕುಂಜ್ ಗಲಿಯಂಥ ಕಡೆ ಗದ್ದಿಯ ಮೇಲೆ ಕೂರುವ ಗದ್ದೀದಾರ ಸೀರೆ ಕೊಳ್ಳುತ್ತಾನೆ. ಅವನಿಗೂ ನೇಕಾರನಿಗೂ ನಡುವೆ ಗಿರಸ್ತ, ಅಂದರೆ ನೂಲು ಮತ್ತು ನಕ್ಷೆ ಕೊಟ್ಟು ನೇಯಿಸುವ ಯಜಮಾನ. ಕುಣಿಯಲ್ಲಿ ಕೂತವನಿಗೆ ಸೀರೆಗಿಷ್ಟು ಎಂದು ಮಜೂರಿ. ಎಲ್ಲೋ ಒಂದು ಕಲೆ ಕಂಡರೆ ಕಟೌತಿ, ಅಂದರೆ ಮಜೂರಿಯಲ್ಲಿ ಕಡಿತ. ಹಣ ಕೈಗೆ ಬರುವ ಬದಲು ಮುಂದಿನ ತಾರೀಖಿನ ಚೆಕ್ಕು ಬರುತ್ತದೆ. ಅಷ್ಟು ದಿನ ಕಾಯಲಾಗದವರು ಬಟ್ಟಾ ಕೊಟ್ಟು, ಮೊತ್ತದಲ್ಲಿ ಒಂದು ಪಾಲು ಬಿಟ್ಟು, ನಗದು ಮಾಡಿಸಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ನೇಯ್ದ ಸೀರೆಯ ಹಣಕ್ಕೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕಾದವನು ಕಢುವಾ ಬಿಟ್ಟು ಪವರ್‌ಲೂಮಿಗೆ ಹೋದರೆ, ಅದನ್ನೂ ಬಿಟ್ಟು ಸೂರತ್ತಿಗೋ ನಮ್ಮ ಬೆಂಗಳೂರಿಗೋ ರೈಲು ಹತ್ತಿದರೆ, ಯಾರು ದೂರುವುದು? 1985ರ ಕಾಯ್ದೆ ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ಆದರೂ ಸೂರತ್ತಿನ ಯಂತ್ರದ ಸೀರೆ ಬನಾರಸಿ ಎಂಬ ಹೆಸರಿನಲ್ಲಿ ಕಾಶಿಯ ಅಂಗಡಿಗಳಲ್ಲೇ ರಾಶಿ ಬಿದ್ದಿರುತ್ತದೆ.

ಇನ್ನೊಂದು ಶತ್ರು ನೀರು. ಮಳೆಗಾಲದ ಕೊನೆಯಲ್ಲಿ ಗಂಗೆ ಏರಿದಾಗ ವರುಣೆಗೆ ಹರಿದುಹೋಗಲು ದಾರಿ ಇರುವುದಿಲ್ಲ. ಗಂಗೆಯ ನೀರೇ ವರುಣೆಯೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ವಾರಾಣಸಿಯಲ್ಲಿ ಅಪಾಯದ ಮಟ್ಟ 71.262 ಮೀಟರ್, 1978ರ ಸೆಪ್ಟೆಂಬರಿನಲ್ಲಿ ನದಿ 73.901 ಮೀಟರಿಗೆ ಏರಿತ್ತು. ಆ ಮಟ್ಟಕ್ಕೆ ಹೋಗದಿದ್ದರೂ ದಡದ ತಗ್ಗಿನ ಮನೆಗಳಿಗೆ ನೀರು ಬರುತ್ತದೆ. ನೀರು ಮೊದಲು ತುಂಬುವುದು ಎಲ್ಲಿಗೆ? ನೆಲದಲ್ಲಿ ತೋಡಿದ ಕುಣಿಗೆ. ಮಗ್ಗದ ಮೇಲಿರುವ ಅರ್ಧ ಸೀರೆಯನ್ನು ಸುತ್ತಿ ಮೇಲೆ ಕಟ್ಟಿ, ರಟ್ಟಿನ ಮಾಲೆಯನ್ನು ಅಟ್ಟಕ್ಕೇರಿಸಿ, ಕುಟುಂಬ ಬೇರೆ ಕಡೆ ಹೋಗಬೇಕು. ನೀರು ಇಳಿದ ಮೇಲೂ ಕುಣಿ ಒಣಗುವವರೆಗೆ ನೇಯುವಂತಿಲ್ಲ. ಮದುವೆಯ ಕಾಲಕ್ಕೆ ಸೀರೆ ಸಿದ್ಧವಾಗಬೇಕಾದ ತಿಂಗಳುಗಳಲ್ಲೇ ಹೀಗಾಗುತ್ತದೆ. ನದಿಯ ಕಡೆ ಕಿಟಕಿ ಇರುವ ಹೋಟೆಲು ಕಟ್ಟಲು ಯೋಚಿಸುವವರು ಈ ಅಂಕಿಗಳನ್ನು ಒಮ್ಮೆ ಓದಿಕೊಳ್ಳಬೇಕು. ನನ್ನ ಮಟ್ಟಿಗೆ ಇಲ್ಲಿ ಹಾಕಬೇಕಾದ ಮೊದಲ ಹಣ ಎತ್ತರದ ಜಗಲಿಯ ಮೇಲೆ ನಿಲ್ಲುವ ಮಗ್ಗದ ಮನೆಗಳಿಗೆ: ಗಾಳಿ, ಬೆಳಕು ಬರುವ, ನೀರು ಮುಟ್ಟದ, ಹೆಂಗಸರ ರಾಟೆಗೂ ಜಾಗವಿರುವ ಮನೆಗಳಿಗೆ.

ಆದರೂ ಇದು ದುಃಖದ ಊರಲ್ಲ. ಕಾಶಿಯ ನೇಕಾರರಿಗೆ ಒಂದು ಹಬ್ಬವಿದೆ. ಅದನ್ನು ಕೇಳಿ ನಾನು ಬೆರಗಾದೆ. ಹಿಂದೂ ಪಂಚಾಂಗದ ಅಗಹನ್, ಅಂದರೆ ನಮ್ಮ ಮಾರ್ಗಶಿರ, ಆ ಮಾಸದ ಒಂದು ಶುಕ್ರವಾರದಂದು ಅಗಹನಿ ಜುಮ್ಮಾ. ಅಂದು ಮುರ್ರಿ ಬಂದ್. ನಗರದ, ಸುತ್ತಲಿನ ಹಳ್ಳಿಗಳ ಮಗ್ಗಗಳೆಲ್ಲ ನಿಲ್ಲುತ್ತವೆ. ಒಂದು ಕಾಲಕ್ಕೆ ಬರ ಬಿದ್ದು ಕಸುಬು ನಿಂತಾಗ ನೇಕಾರರೆಲ್ಲ ಬಯಲಿನಲ್ಲಿ ಸೇರಿ ಪ್ರಾರ್ಥಿಸಿದರು, ಮಳೆ ಬಂತು ಎಂಬುದು ಅವರ ನಂಬಿಕೆ. ಇಂದಿಗೂ ಹಳೆ ಸೇತುವೆಯ ಬಳಿಯ ಈದ್ಗಾದಲ್ಲಿ ಸಾವಿರಾರು ಜನ ಸೇರಿ ಮಳೆಬೆಳೆ, ದುಡಿಮೆ, ನಾಡಿನ ನೆಮ್ಮದಿ ಬೇಡಿಕೊಳ್ಳುತ್ತಾರೆ. ಹೊರಬಂದರೆ ರಸ್ತೆಯ ಇಕ್ಕೆಲದಲ್ಲೂ ಕಬ್ಬಿನ ರಾಶಿ! ಸುತ್ತಲಿನ ರೈತರು ಹೊಸ ಕಬ್ಬು ತಂದಿರುತ್ತಾರೆ. ನಮಾಜು ಮುಗಿಸಿದವರು ಜಲ್ಲೆ ಹೆಗಲಿಗೇರಿಸಿ ಮನೆಗೆ ಹೋಗುತ್ತಾರೆ. ನಮಗೆ ಸಂಕ್ರಾಂತಿಗೆ ಬರುವ ಕಬ್ಬು ಇವರಿಗೆ ಅಗಹನಿಗೆ ಬರುತ್ತದೆ.

ಇದೇ ಊರಿನ ಪಕ್ಕದಲ್ಲೇ ಪಂಚಕ್ರೋಶಿ ಯಾತ್ರೆಯ ಕೊನೆಯ ಹಾದಿ. ಮಣಿಕರ್ಣಿಕೆಯಿಂದ ಹೊರಟು ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾ ಎಂದು ಐದು ತಂಗುದಾಣ ಸುತ್ತಿ, ಸುಮಾರು 80 ಕಿಲೋಮೀಟರ್ ನಡೆದವರು ಕಪಿಲಧಾರಾದಿಂದ ದಾರಿಯುದ್ದಕ್ಕೂ ಜವೆಗೋಧಿ ಚೆಲ್ಲುತ್ತ ಸಂಗಮಕ್ಕೆ ಬರುತ್ತಾರೆ. ಶಿವರಾತ್ರಿಗೆ, ಅಧಿಕ ಮಾಸಕ್ಕೆ ಜನಸಾಗರ. ಗುಳ್ಳೆ ಎದ್ದ ಪಾದಗಳು, ಬಾಯಲ್ಲಿ ಹರಹರ ಮಹಾದೇವ. ಗೋಡೆಯ ಆಚೆ ಖಟ್ ಪಟ್. ನೋಡಲು ಹೋಗುವವರಿಗೆ ಇಂಥ ದಿನಗಳೇ ಒಳ್ಳೆಯವು, ಇಲ್ಲವೇ ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಯಾವುದಾದರೂ ಬೆಳಗು. ಶುಕ್ರವಾರ ಬೇಡ. ಕಾಶಿ ರೈಲು ನಿಲ್ದಾಣದಿಂದ, ರಾಜಘಾಟಿನಿಂದ ಟೋಟೋ ಎಂಬ ಇ-ರಿಕ್ಷಾಗಳು ಸಿಗುತ್ತವೆ. ಮನೆಯೊಳಗೆ ಕರೆಯದೆ ಹೋಗಬಾರದು, ಕೇಳದೆ ಫೋಟೋ ತೆಗೆಯಬಾರದು. ಹೊಸ ನಕ್ಷೆಯ ಚಿತ್ರವನ್ನಂತೂ ತೆಗೆಯಲೇಬಾರದು. ಅದು ಫೋನಿನಿಂದ ಫೋನಿಗೆ ಹಾರಿ ವಾರದೊಳಗೆ ಯಾವುದೋ ಯಂತ್ರದಲ್ಲಿ ಅಗ್ಗದ ನಕಲಾಗಬಹುದು.

ಜಂಗಮವಾಡಿ ಮಠದಲ್ಲಿ ತಂಗುವ ನಮ್ಮವರಿಗೆ ಒಂದು ಮಾತು. ಹುಮಾಯೂನನಿಂದ ಔರಂಗಜೇಬನವರೆಗಿನ ಮೊಘಲ್ ಬಾದಶಹರು ಕೊಟ್ಟ ಫರ್ಮಾನುಗಳನ್ನು ಕಾಪಾಡಿಕೊಂಡು ಬಂದ ಮಠ ಅದು. ಅದರ ಬಾಗಿಲಿನಿಂದ ಕೆಲವು ಹೆಜ್ಜೆ ನಡೆದರೆ ಮದನಪುರಾ, ನೇಕಾರರ ಹಳೆಯ ಮೊಹಲ್ಲಾ. ಅಲ್ಲಿಂದಲೇ ಮಗ್ಗದ ಸದ್ದು ಹಿಡಿದು ಹೊರಟರೆ ಸರಾಯ್ ಮೋಹನಾ ದೂರವಲ್ಲ. ಸೀರೆ ಕೊಳ್ಳುವುದಿದ್ದರೆ ಕೈಮಗ್ಗದ ಗುರುತು ಕೇಳಿ, ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿ ಜಾರಿಗೆ ತಂದ ಸಿಲ್ಕ್ ಮಾರ್ಕ್ ಕೇಳಿ, ಹಿಂಬದಿ ತಿರುವಿ ನೋಡಿ.

ಹೊರಡುವ ಮುನ್ನ ಚಾಚಾ ಅವರನ್ನು, ಹಣವಿರುವವರು ಯಾರಾದರೂ ಬಂದರೆ ಏನು ಕೇಳುತ್ತೀರಿ ಎಂದು ಕೇಳಿದ್ದೆ. ಅವರು ಹೊಸ ಮಗ್ಗ ಕೇಳಲಿಲ್ಲ, ಅಂಗಡಿ ಕೇಳಲಿಲ್ಲ. "ನೂಲು ಕೇಳುತ್ತೇನೆ, ಬಿಟಿಯಾ. ಸಾಲದ ಮೇಲೆ ಅಲ್ಲ, ಸರಿಯಾದ ಬೆಲೆಗೆ. ನೂಲು ನನ್ನದಾದರೆ ಸೀರೆ ನನ್ನದು. ಆಗ ಯಾರಿಗೆ ಮಾರಬೇಕೆಂದು ನಾನೇ ಹೇಳಬಹುದು." ನಮ್ಮ ರೀಲರುಗಳ ಸಹಕಾರ ಸಂಘವೊಂದು ಇಲ್ಲಿನ ನೇಕಾರರ ಸಂಘದ ಜೊತೆ ಕೂತು, ವಾರಾಣಸಿಯಲ್ಲೇ ಒಂದು ನೂಲಿನ ಕೋಠಿ ತೆರೆದರೆ ಆ ಮಾತಿನ ಅರ್ಧ ಭಾಗವಾದರೂ ನಡೆದೀತು. ಗೂಡಿನ ಬೆಲೆ ಬಿದ್ದಾಗ ಕಂಗಾಲಾಗುವ ಶಿಡ್ಲಘಟ್ಟಕ್ಕೂ, ನೂಲಿನ ಬೆಲೆ ಏರಿದಾಗ ಮಗ್ಗ ನಿಲ್ಲಿಸುವ ಸರಾಯ್ ಮೋಹನಾಕ್ಕೂ ಅದರಿಂದ ಉಸಿರಾಡಲು ಜಾಗ ಸಿಗುತ್ತದೆ. ಬೆಂಗಳೂರಿನಿಂದ ಕಾಶಿಗೆ ಹೋಗುವ ಸರಕಿನಲ್ಲಿ ಈ ನೂಲು ಹೇಗೂ ಇದ್ದೇ ಇರುತ್ತದೆ. ನಡುವಿನ ಕೈಗಳು ಎಷ್ಟಿರಬೇಕು ಎಂಬುದನ್ನು ಎರಡು ಊರಿನವರೂ ಕೂತು ತೀರ್ಮಾನಿಸಬೇಕಾಗಿದೆ.